ಇಂಗ್ಲಿಷಿನ ‘ಎಸ್ಟೋನಿಯನ್’ ಅಂದ್ರೆ ಭಾಷೆನಾ, ಮನುಷ್ಯನಾ? ಕನ್ನಡದಲ್ಲಿ ಏನಂತ ಹಾಕೋದು?

ಅರೆಕಾಲಿಕ_ಅನುವಾದಕ (ಪ್ರಶ್ನೆ)

ಎಲ್ರಿಗೂ ನಮಸ್ಕಾರ. ಒಂದು ಆ್ಯಪ್‌ನ ಕನ್ನಡಕ್ಕೆ ಮಾಡೋ ಕೆಲಸ ಹಿಡ್ಕೊಂಡಿದೀನಿ, ಹೆಸ್ರು ಹೇಳೋ ಹಾಗಿಲ್ಲ. ಅವ್ರು ಕಳ್ಸೋದು ದೊಡ್ಡ ಎಕ್ಸೆಲ್ ಶೀಟು, ಎಡಗಡೆ ಇಂಗ್ಲಿಷ್ ಬಲಗಡೆ ನಾನು ಕನ್ನಡ ತುಂಬ್ಬೇಕು, ಆ ಪದ ಎಲ್ಲಿ ಬರತ್ತೆ ಯಾಕೆ ಬರತ್ತೆ ಅನ್ನೋದು ಏನೂ ಇರಲ್ಲ. 412ನೇ ಸಾಲಲ್ಲಿ ಬರೀ ‘ಎಸ್ಟೋನಿಯನ್’ ಅಂತ ಒಂದೇ ಪದ ಇದೆ. ನಾನು ‘ಎಸ್ಟೋನಿಯನ್ ಭಾಷೆ’ ಅಂತ ಹಾಕಿ ಕಳ್ಸಿದೆ. ನಿನ್ನೆ ಸ್ಕ್ರೀನ್‌ಶಾಟ್ ಕಳ್ಸಿದಾರೆ, ಪ್ರೊಫೈಲ್ ಪೇಜಲ್ಲಿ ‘ರಾಷ್ಟ್ರೀಯತೆ: ಎಸ್ಟೋನಿಯನ್ ಭಾಷೆ’ ಅಂತ ಬಂದಿದೆ 😭 ಕೇಳಿದ್ರೆ ಅದೇ ಒಂದು ಸ್ಟ್ರಿಂಗನ್ನ (ಆ್ಯಪ್‌ನಲ್ಲಿ ತೋರ್ಸೋ ಪದದ ತುಣುಕು) ಭಾಷೆ ಲಿಸ್ಟಿಗೂ ರಾಷ್ಟ್ರೀಯತೆ ಲಿಸ್ಟಿಗೂ ಎರಡೂ ಕಡೆ ಬಳಸ್ತೀವಿ ಅಂತಾರೆ, ಇಂಗ್ಲಿಷಲ್ಲಿ ಎರಡೂ ಒಂದೇ ತಾನೇ, ನಿಮ್ಮ ಭಾಷೇಲಿ ಯಾಕೆ ಸಮಸ್ಯೆ ಅಂತ ನನ್ನನ್ನೇ ಕೇಳ್ತಿದಾರೆ.

ಈಗ ನನ್ನ ಡೌಟು: ಆ ಪದದ ಸರಿಯಾದ ಅರ್ಥ ಏನು, ಎರಡಕ್ಕೂ ಹೊಂದೋ ಹಾಗೆ ಕನ್ನಡದಲ್ಲಿ ಒಂದೇ ಪದ ಇದ್ಯಾ? ಇನ್ನೊಂದು, ಎಸ್ಟೋನಿಯನ್ನಾ, ಎಸ್ತೋನಿಯನ್ನಾ, ಈಸ್ಟೋನಿಯನ್ನಾ? ಮೂರೂ ನೋಡಿದೀನಿ.

ವ್ಯಾಕರಣ_ಕಿರಿಕ್

ನಿಮ್ ಕಷ್ಟ ಗೊತ್ತು, ನಾನೂ ಈ ಎಕ್ಸೆಲ್ ಗಾಣಕ್ಕೆ ಸಿಕ್ಕಿದವ್ನೇ.

ಇಂಗ್ಲಿಷಲ್ಲಿ ಆ ಒಂದು ಪದ ಮೂರು ಕೆಲ್ಸ ಮಾಡತ್ತೆ. ಎಸ್ಟೋನಿಯಾಗೆ ಸಂಬಂಧಪಟ್ಟ ಏನಾದ್ರೂ (ಎಸ್ಟೋನಿಯನ್ ಕಾಡು, ಎಸ್ಟೋನಿಯನ್ ಪಾಸ್‌ಪೋರ್ಟು), ಅಲ್ಲಿನ ಭಾಷೆ, ಅಲ್ಲಿನ ಮನುಷ್ಯ. ಮನುಷ್ಯ ಆದಾಗ ಮುಂದೆ ‘ಆ್ಯನ್’ ಬರತ್ತೆ, ಬಹುವಚನಕ್ಕೆ ಕೊನೇಲಿ ‘ಎಸ್’ ಬರತ್ತೆ. ಭಾಷೆ ಆದಾಗ ಎರಡೂ ಇಲ್ಲ, ಸುಮ್ನೆ ‘ಇನ್ ಎಸ್ಟೋನಿಯನ್’ ಅಷ್ಟೆ. ಅಂದ್ರೆ ವಾಕ್ಯ ಇದ್ರೆ ಗೊತ್ತಾಗತ್ತೆ, ಒಂಟಿ ಪದ ಕೊಟ್ರೆ ಬ್ರಹ್ಮನಿಗೂ ಗೊತ್ತಾಗಲ್ಲ. ಎಲ್ಲಾ ದೇಶಕ್ಕೂ ಇಂಗ್ಲಿಷು ಹೀಗೆ ಜಿಪುಣತನ ಮಾಡಿಲ್ಲ ಅನ್ನೋದು ತಮಾಷೆ. ಪಕ್ಕದ ಫಿನ್ಲೆಂಡಿನ ಭಾಷೆ ಫಿನ್ನಿಶ್, ಮನುಷ್ಯ ಫಿನ್. ಸ್ವೀಡಿಶ್ ಭಾಷೆ, ಸ್ವೀಡ್ ಮನುಷ್ಯ. ಪೋಲಿಶ್, ಪೋಲ್. ಹಳೇ ಇಂಗ್ಲಿಷ್ ಬರಹದಲ್ಲಿ ಎಸ್ಟೋನಿಯಾದವನಿಗೂ ‘ಎಸ್ತ್’ ಅಂತ ಬೇರೆ ಪದ ಇತ್ತು, ದೇಶದ ಹೆಸ್ರಲ್ಲೂ ‘ಟಿ’ ಆದ್ಮೇಲೆ ಒಂದು ‘ಹೆಚ್’ ಬರೀತಿದ್ರು. ಎರಡೂ ಬಿದ್ದೋದ್ವು, ಈಗ ಎಲ್ಲಕ್ಕೂ ಈ ಒಂದೇ ಪದ.

ಕನ್ನಡದಲ್ಲಿ ಒಂದೇ ಪದ ಸಿಗತ್ತಾ ಅಂದ್ರೆ, ಬರೀ ಪದ ಆಗಿ ನಿಂತಿರೋವರೆಗೂ ‘ಎಸ್ಟೋನಿಯನ್’ ಅಂತ ಹಾಗೇ ಬಿಡಬೋದು. ಪ್ರತ್ಯಯ ಹಚ್ಚಿದ ತಕ್ಷಣ ಬಣ್ಣ ಬಯಲಾಗತ್ತೆ. ‘ಗೆ’ ಹಚ್ಚಿ ನೋಡಿ. ಭಾಷೆ ಆದ್ರೆ ‘ಎಸ್ಟೋನಿಯನ್ನಿಗೆ ಅನುವಾದಿಸಿ’. ಮನುಷ್ಯ ಆದ್ರೆ ‘ಎಸ್ಟೋನಿಯನ್ನನಿಗೆ’ ಅಂತ ಇನ್ನೊಂದು ‘ನ’ ಬರ್ಬೇಕು, ಹೆಂಗ್ಸಾದ್ರೆ ಅದೂ ನಡೆಯಲ್ಲ, ‘ಎಸ್ಟೋನಿಯಾದವಳಿಗೆ’ ಅನ್ಬೇಕು. ಕ್ರಿಯಾಪದ ಸೇರಿಸಿದ್ರೂ ಅಷ್ಟೆ, ‘ಎಸ್ಟೋನಿಯನ್ ಬರತ್ತೆ’ ಅಂದ್ರೆ ನಮಗೆ ಆ ಭಾಷೆ ಗೊತ್ತು ಅಂತ, ‘ಎಸ್ಟೋನಿಯನ್ ಬರ್ತಾನೆ’ ಅಂದ್ರೆ ಮನೆಗೆ ನೆಂಟ ಬರ್ತಿದಾನೆ ಅಂತ. ಇದನ್ನೇ ಬರ್ದು ಅವ್ರಿಗೆ ಕಳ್ಸಿ, ಎರಡು ಸ್ಟ್ರಿಂಗ್ ಬೇಕೇ ಬೇಕು ಅಂತ ಹಠ ಹಿಡೀರಿ.

ಸ್ಪೆಲ್ಲಿಂಗಿಗೆ: ಕನ್ನಡ ಪೇಪರಲ್ಲಿ ಬರೋದು ಎಸ್ಟೋನಿಯಾ, ಎಸ್ಟೋನಿಯನ್. ಬಹುವಚನ ಅಮೆರಿಕನ್ನರು ರಷ್ಯನ್ನರು ಇದ್ದ ಹಾಗೆ ಎಸ್ಟೋನಿಯನ್ನರು. ‘ಈಸ್ಟೋ’ ಬೇಡ, ಅದು ಪೂರ್ವ ದಿಕ್ಕು ಅಂದ್ಕೊಂಡು ಯಾರೋ ಕೊಟ್ಟ ದೀರ್ಘ. ‘ಎಸ್ಟೋನೀಸ್’ ಅಂತ ಒಬ್ರು ಬರೆದಿದ್ದನ್ನೂ ನೋಡಿದೀನಿ, ಚೈನೀಸ್ ಜಪಾನೀಸ್ ನೋಡಿ ಹೊಲ್ಕೊಂಡಿದ್ದು, ಆ ಪದ ಇಲ್ಲವೇ ಇಲ್ಲ.

ಹುಬ್ಳಿ_ಮಿರ್ಚಿ

ಅಲ್ರೀ, ಇದರಾಗ ಇಷ್ಟು ತಲಿ ಕೆಡಿಸ್ಕೊಳ್ಳೂದೇನೈತಿ, ‘ಎಸ್ಟೋನಿಯಾದ’ ಅಂತ ಹಾಕ್ರಿ, ಭಾಷೆಕ್ಕೂ ಆತು ಮಂದಿಗೂ ಆತು. ನಾ ಒಮ್ಮೆ ಇದಕ್ಕಿಂತ ದೊಡ್ಡ ಭಾನಗಡಿ ಮಾಡೇನಿ. ಒಂದು ಲೇಖನದಾಗ ‘ಓಲ್ಡ್ ಇಟೋನಿಯನ್’ ಅಂತ ಇತ್ತು, ಅಂದ್ರ ಇಂಗ್ಲೆಂಡಿನ ಈಟನ್ ಸಾಲ್ಯಾಗ ಕಲ್ತಾಂವ ಅಂತ ಅರ್ಥ. ನಾ ಅವಸರದಾಗ ಒಂದು ಅಕ್ಷರ ಜಾಸ್ತಿ ಓದಿ ‘ವೃದ್ಧ ಎಸ್ಟೋನಿಯನ್ನರು’ ಅಂತ ಬರದ್ ಬಿಟ್ಟೆ. ಒಂದ್ ಪ್ಯಾರಾ ತುಂಬ ಬ್ರಿಟನ್ನಿನ ಪ್ರಧಾನಿಗಳೆಲ್ಲ ವಯಸ್ಸಾದ ಎಸ್ಟೋನಿಯಾ ಮಂದಿ ಆಗಿ ಕುಂತಿದ್ರು. ಅಚ್ಚಾದ ಮ್ಯಾಲೇ ಗೊತ್ತಾತು 😂

ತಾರ್ತು_ಚಳಿ

ನಾನು ಮೂರು ವರ್ಷದಿಂದ ಎಸ್ಟೋನಿಯಾದ ತಾರ್ತುನಲ್ಲಿದೀನಿ, ಓದೋಕೆ ಬಂದಿದ್ದು (ಇಲ್ಲಿನ ಯೂನಿವರ್ಸಿಟಿ 1632ರದ್ದು). ಸಂಜೆ ಕ್ಲಾಸಿಗೆ ಹೋಗಿ ಅವ್ರ ಭಾಷೆ ಕಲೀತಿದೀನಿ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ, ಬೇಜಾರಾದ್ರೆ ಸ್ಕ್ರಾಲ್ ಮಾಡಿ.

ಮೊದಲ್ನೇ ವಿಷ್ಯ, ಇಲ್ಲಿ ಯಾರೂ ತಮ್ಮನ್ನ ‘ಎಸ್ಟೋನಿಯನ್’ ಅಂತ ಕರ್ಕೊಳ್ಳಲ್ಲ. ದೇಶ ಏಸ್ತಿ. ಭಾಷೆ ಏಸ್ತಿ ಕೇಲ್. ‘ಕೇಲ್’ ಅಂದ್ರೆ ನಾಲಗೆ, ಭಾಷೆನೂ ಅದೇ, ವಾದ್ಯದ ತಂತಿನೂ ಅದೇ. ಮನುಷ್ಯ ಏಸ್ತ್‌ಲನೆ. ಈ ‘ಲನೆ’ ನಮ್ಮ ಕನ್ನಡಿಗ, ಗುಡ್ಡಗಾಡಿಗ, ಬೀದರಿಗ ಅಂತೀವಲ್ಲ ಆ ‘ಇಗ’ ಇದ್ದ ಹಾಗೆ, ಎಲ್ಲಕ್ಕೂ ಅಂಟ್ಕೊಳ್ಳತ್ತೆ: ತಾರ್ತು ಊರಿನವನು ತಾರ್ತ್‌ಲನೆ, ಫಿನ್ಲೆಂಡಿನವನು ಸೋಮ್‌ಲನೆ, ನಾನು ಇಂದಿಯಲನೆ. ಗಂಡು ಹೆಣ್ಣು ಭೇದ ಇಲ್ಲ, ಭಾಷೆಯಲ್ಲೇ ಇಲ್ಲ, ಅವನು ಅವಳು ಎರಡಕ್ಕೂ ‘ತ’ ಅಂತ ಒಂದೇ ಸಾಕು. ಹೆಸ್ರು ಕೇಳಿ ಗಂಡೋ ಹೆಣ್ಣೋ ಗೊತ್ತಾಗ್ದೆ ನಾನು ವಾರಗಟ್ಲೆ ಒಬ್ರ ಬಗ್ಗೆ ತಪ್ಪು ತಿಳ್ಕೊಂಡಿದ್ದೂ ಇದೆ.

ಅಂದ್ರೆ ನೋಡಿ, ಕನ್ನಡ ಮತ್ತು ಕನ್ನಡಿಗ ನಮಗೆ ಹೇಗೆ ಬೇರೆ ಬೇರೆಯೋ ಅವ್ರಿಗೂ ಹಾಗೇ. ನಡುವೆ ಇಂಗ್ಲಿಷು ಬಂದು ಎರಡನ್ನೂ ಕಲಸಿದೆ. ನಮ್ಮನ್ನೂ ಹಿಂದೆ ಹೀಗೇ ಮಾಡಿದ್ರು, ಬ್ರಿಟಿಷರ ಕಾಲದ ಪುಸ್ತಕದಲ್ಲಿ ಭಾಷೆನೂ ‘ಕೆನರೀಸ್’, ಜನಾನೂ ‘ಕೆನರೀಸ್’.

ಎರಡನೇದು ಇನ್ನೂ ಮುಖ್ಯ. ಕ್ಲಾಸಿಗೆ ಸೇರೋವಾಗ ಒಂದು ಫಾರ್ಮ್ ಕೊಟ್ರು, ಅದ್ರಲ್ಲಿ ಎರಡು ಬೇರೆ ಬೇರೆ ಖಾನೆ. ಒಂದು ‘ರಹ್ವುಸ್’, ಇನ್ನೊಂದು ‘ಕೊದಕೊಂಡ್ಸುಸ್’. ಮೊದಲ್ನೇದು ನೀನು ಯಾವ ಜನ ಅಂತ, ಎರಡನೇದು ಯಾವ ದೇಶದ ಪೌರತ್ವ ಅಂತ. ಇಂಗ್ಲಿಷಿಗೆ ಹಾಕಿದ್ರೆ ಎರಡೂ ಖಾನೆಗೆ ‘ಎಸ್ಟೋನಿಯನ್’ ಅಂತಲೇ ಬರ್ಬೋದು, ಆದ್ರೆ ಇಲ್ಲಿ ಅವೆರಡೂ ಒಂದಲ್ಲ. ನನ್ನ ಪಕ್ಕ ಕೂತಿದ್ದವಳು ನಾರ್ವಾ ಊರಿನವಳು, ಅದು ರಷ್ಯಾ ಗಡೀಲಿದೆ, ಅಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಜನ ರಷ್ಯನ್ ಮಾತಾಡೋರು. ಅವಳ ಪಾಸ್‌ಪೋರ್ಟು ಎಸ್ಟೋನಿಯಾದ್ದೇ. ಪರಿಚಯ ಮಾಡ್ಕೊಳ್ಳೋವಾಗ ನಾನು ಇಂಗ್ಲಿಷಲ್ಲಿ ‘ನೀನು ಎಸ್ಟೋನಿಯನ್ನಾ’ ಅಂದೆ, ಒಂದು ಸೆಕೆಂಡ್ ಸುಮ್ನಿದ್ದು ‘ಏಸ್ತ್‌ಲನೆ ಅಲ್ಲ, ಏಸ್ತಿಮಾಲನೆ’ ಅಂದ್ಳು. ನಾನು ಒಂದೇ ಅಲ್ವಾ ಅಂದ್ಕೊಂಡೆ. ಮನೆಗೆ ಬಂದು ಯೋಚಿಸ್ದಾಗ ತಲೆಗೆ ಹೋಯ್ತು: ‘ಮಾ’ ಅಂದ್ರೆ ನೆಲ, ನಾಡು. ಏಸ್ತಿಮಾಲನೆ ಅಂದ್ರೆ ಏಸ್ತಿ ನಾಡಿನಲ್ಲಿ ಇರೋವ್ಳು. ನಮ್ಮಲ್ಲಿ ‘ಕರ್ನಾಟಕದವ್ರು’ ಅನ್ನೋದಕ್ಕೂ ‘ಕನ್ನಡಿಗರು’ ಅನ್ನೋದಕ್ಕೂ ಇರೋ ವ್ಯತ್ಯಾಸನೇ ಅದು. ಬೆಳಗಾವೀಲಿ ಮನೇಲಿ ಮರಾಠಿ ಮಾತಾಡೋರು ಕರ್ನಾಟಕದವ್ರೇ. ಇನ್ನೊಂದು ಕಡೆ ಕಾಸರಗೋಡಿನ ಕನ್ನಡಿಗರು ಕನ್ನಡಿಗರೇ, ಆದ್ರೆ ಕರ್ನಾಟಕದಲ್ಲಿಲ್ಲ. ಇಲ್ಲೂ ಅಂಥವ್ರಿಗೆ ಪದ ಇದೆ. 1944ರಲ್ಲಿ ಸೋವಿಯತ್ ಸೈನ್ಯ ವಾಪಸ್ ಬಂದಾಗ ಸಾವಿರಾರು ಜನ ದೋಣಿ ಹತ್ತಿ ಸ್ವೀಡನ್ನಿಗೆ ಓಡಿಹೋದ್ರು, ಅವ್ರು ಅವ್ರ ಮಕ್ಳು ಎಲ್ಲಾ ‘ವ್ಯಾಲಿಸ್‌ಏಸ್ತ್‌ಲನೆ’. ‘ವ್ಯಾಲಿಸ್’ ಅಂದ್ರೆ ಹೊರಗಿನ. ಸೀದಾ ಕನ್ನಡಕ್ಕೆ ಹಾಕಿ, ಹೊರನಾಡ ಕನ್ನಡಿಗ ಅನ್ನೋ ಪದದ ಅಚ್ಚು ಕಾಣತ್ತೆ.

ನಾಲ್ಕನೇ ಗುಂಪೂ ಒಂದಿದೆ. 1991ರಲ್ಲಿ ಸ್ವಾತಂತ್ರ್ಯ ವಾಪಸ್ ಬಂದಾಗ, ಸೋವಿಯತ್ ಕಾಲದಲ್ಲಿ ಬಂದು ನೆಲೆಸಿದವ್ರಿಗೆ ತಾನಾಗೇ ಪೌರತ್ವ ಸಿಗ್ಲಿಲ್ಲ, ಭಾಷೆ ಪರೀಕ್ಷೆ ಪಾಸಾಗ್ಬೇಕಿತ್ತು. ಬರೀದೆ ಇದ್ದವ್ರು, ಬರ್ದೂ ಆಗದೇ ಇದ್ದವ್ರಲ್ಲಿ ಹಲವ್ರು ಇವತ್ತಿಗೂ ಬೂದು ಬಣ್ಣದ ಪಾಸ್‌ಪೋರ್ಟ್ ಇಟ್ಕೊಂಡಿದಾರೆ, ಯಾವ ದೇಶದ ಪೌರರೂ ಅಲ್ಲ. ಅಂಥವ್ರನ್ನ ಇಂಗ್ಲಿಷಿನ ಆ ಒಂದು ಪದದ ಒಳಗೆ ಸೇರಿಸ್ತೀರೋ ಹೊರಗಿಡ್ತೀರೋ ನೀವೇ ಹೇಳಿ. ಇಡೀ ದೇಶದ ಜನಸಂಖ್ಯೆ ಸುಮಾರು 13 ಲಕ್ಷ ಚಿಲ್ರೆ ಅಷ್ಟೆ, ನಮ್ ಮೈಸೂರು ಜಿಲ್ಲೆನೇ 2011ರ ಲೆಕ್ಕದಲ್ಲಿ 30 ಲಕ್ಷ. ಅಷ್ಟೊಳಗೇ ಇಷ್ಟೆಲ್ಲಾ.

ಹಾಗಾಗಿ ನಿಮ್ ಆ್ಯಪಲ್ಲಿ ರಾಷ್ಟ್ರೀಯತೆ ಅಂದ್ರೆ ಪೌರತ್ವ ಅಂತಾದ್ರೆ ‘ಎಸ್ಟೋನಿಯನ್’ ಅಂತಲೂ ಬೇಡ, ಬರೀ ದೇಶದ ಹೆಸ್ರು ಹಾಕಿ: ‘ಎಸ್ಟೋನಿಯಾ’. ಯಾರಿಗೂ ನೋವಾಗಲ್ಲ.

ಕಡಲ್_ತಡಿ

ತಾರ್ತು ಮಾರಾಯ್ರೆ, ಚಂದ ಬರೆದ್ರಿ. ಒಂದು ಪ್ರಶ್ನೆ ಉಂಟು. ಈ ಭಾಷೆಗೂ ನಮ್ಮ ದ್ರಾವಿಡ ಭಾಷೆಗೂ ಸಂಬಂಧ ಉಂಟಂತೆ ಹೌದಾ? ವಾಟ್ಸಾಪಲ್ಲಿ ಬಂದಿತ್ತು, ಎಸ್ಟೋನಿಯನ್ ಮತ್ತು ಕನ್ನಡ ಅಕ್ಕ ತಂಗಿ ಅಂತ. ಮತ್ತೆ ಲಾಟ್ವಿಯಾ ಲಿಥುವೇನಿಯಾ ಭಾಷೆ ಎಲ್ಲ ಇದರದ್ದೇ ಕುಟುಂಬ ಅಲ್ವಾ, ಬಾಲ್ಟಿಕ್ ಬಾಲ್ಟಿಕ್ ಅಂತ ಹೇಳ್ತಾರಲ್ಲ.

ವ್ಯಾಕರಣ_ಕಿರಿಕ್

ಕಡಲ್ ತಡಿ ಅವ್ರೇ, ಆ ವಾಟ್ಸಾಪಿಗೆ ಅಜ್ಜ ಒಬ್ರಿದಾರೆ. ಕಾಲ್ಡ್‌ವೆಲ್ ಪಾದ್ರಿ 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದಾಗ, ಇವು ಫಿನ್ನಿಶ್ ಹಂಗೇರಿಯನ್ ಕಡೆ ಭಾಷೆಗಳ ಬಳಗ ಇರ್ಬೋದು ಅಂತ ಊಹೆ ಮಾಡಿದ್ರು. ಪ್ರತ್ಯಯದ ಮೇಲೆ ಪ್ರತ್ಯಯ ಅಂಟಿಸೋ ಚಾಳಿ ಎರಡು ಕಡೆನೂ ಇದೆ, ಅದು ಕಣ್ಣಿಗೆ ಹೊಡೆದಿದೆ. ಆಮೇಲಿನವ್ರು ಅದನ್ನ ಒಪ್ಲಿಲ್ಲ, ಈಗಲೂ ಸಾಬೀತಾಗಿಲ್ಲ. ಅಕ್ಕ ತಂಗಿ ಅಲ್ಲ, ಬೇರೆ ಊರಲ್ಲಿ ಒಂದೇ ಥರ ಸೀರೆ ಉಟ್ಟವರು ಅಷ್ಟೆ.

ಬಾಲ್ಟಿಕ್ ಅನ್ನೋದು ಅಲ್ಲಿ ಸಮುದ್ರದ ಹೆಸ್ರು. ಲಾಟ್ವಿಯನ್ ಲಿಥುವೇನಿಯನ್ ಇಂಡೋ ಯೂರೋಪಿಯನ್, ಸಂಸ್ಕೃತದ ದೂರದ ನೆಂಟ್ರು. ಎಸ್ಟೋನಿಯನ್ ಫಿನ್ನಿಶ್ ಕಡೆಯದು, ಆ ವಂಶನೇ ಬೇರೆ. ಮಂಗ್ಳೂರಲ್ಲಿ ತುಳುನೂ ಕೊಂಕಣಿನೂ ಒಂದೇ ಬೀದೀಲಿಲ್ವಾ, ಕುಟುಂಬ ಒಂದಾ? ಹಾಗೆ.

ತಾರ್ತು_ಚಳಿ

ಸರಿಯಾಗಿ ಹೇಳಿದ್ರು. ಆದ್ರೂ ಕನ್ನಡದವ್ರಿಗೆ ಈ ಭಾಷೆ ಬೇಗ ಹತ್ತಿರ ಆಗತ್ತೆ ಅನ್ನೋದು ನನ್ನ ಅನುಭವ. ನಮ್ ಕ್ಲಾಸಲ್ಲಿ ಒಬ್ಬ ಸ್ಪೇನಿನವನಿದ್ದ, ‘ನನ್ನ ಹತ್ರ ಪುಸ್ತಕ ಇದೆ’ ಅನ್ನೋದು ಅವನಿಗೆ ಎಷ್ಟು ಹೇಳಿದ್ರೂ ಹತ್ತಲ್ಲ. ಯಾಕಂದ್ರೆ ಇಲ್ಲಿ ‘ಮುಲ್ ಒನ್ ರಾಮತ್’, ನನ್ನ ಮೇಲೆ ಇದೆ ಪುಸ್ತಕ. ಇಂಗ್ಲಿಷಿನ ‘ಹ್ಯಾವ್’ ಥರದ ಕ್ರಿಯಾಪದನೇ ಇಲ್ಲ. ನಮಗೂ ಇಲ್ವಲ್ಲ, ನನಗೆ ಒಂದೇ ದಿನದಲ್ಲಿ ಹತ್ತಿತು. ವಿಭಕ್ತಿ ನಮ್ಮಲ್ಲಿ ಏಳು ಅಂತ ಬಾಯಿಪಾಠ ಮಾಡ್ಸಿದ್ರು, ಇಲ್ಲಿ ಹದಿನಾಲ್ಕು. ಕೇಳಿದ್ರೆ ಗಾಬರಿ ಆಗತ್ತೆ, ಆದ್ರೆ ‘ತಾರ್ತುಸ್’ ಅಂದ್ರೆ ತಾರ್ತುವಿನಲ್ಲಿ, ‘ತಾರ್ತುಸ್ತ್’ ಅಂದ್ರೆ ತಾರ್ತುವಿನಿಂದ. ‘ಎಮ’ ಅಮ್ಮ, ‘ಎಮಗ’ ಅಮ್ಮನ ಜೊತೆ, ‘ಎಮತ’ ಅಮ್ಮ ಇಲ್ಲದೆ. ಇಲ್ಲದೆ ಅನ್ನೋದಕ್ಕೂ ಒಂದು ವಿಭಕ್ತಿ ಇಟ್ಟಿದಾರೆ ಪುಣ್ಯಾತ್ಮರು.

ನಿಜವಾಗ್ಲೂ ಬೆವರಿಳಿಸೋದು ಉಚ್ಚಾರಣೆ. ಹ್ರಸ್ವ, ದೀರ್ಘ, ಅದರ ಮೇಲೆ ಇನ್ನೊಂದು ಉದ್ದ. ‘ಸದ’ ಅಂದ್ರೆ ನೂರು. ‘ಸಾದ’ ಅಂದ್ರೆ ಕಳಿಸು. ಅದೇ ‘ಸಾದ’ನ ಇನ್ನೂ ಎಳೆದು ‘ಸಾಆದ’ ಅಂದ್ರೆ ಪಡೆಯೋದು, ಬರೆಯೋವಾಗ ಈ ಎರಡಕ್ಕೂ ಸ್ಪೆಲ್ಲಿಂಗ್ ಒಂದೇ! ಟೀಚರ್ ಬೋರ್ಡ್ ಮೇಲೆ ಒಂದು ಗೆರೆ, ಎರಡು ಗೆರೆ, ಮೂರು ಗೆರೆ ಎಳೆದಾಗ ನನಗೆ ಹೈಸ್ಕೂಲಿನ ಹ್ರಸ್ವ ದೀರ್ಘ ಪ್ಲುತ ನೆನಪಾಗಿ ನಗು ಬಂತು, ಪ್ಲುತ ಪರೀಕ್ಷೆ ಮುಗಿದ್ಮೇಲೆ ಜೀವನದಲ್ಲಿ ಕೆಲಸಕ್ಕೆ ಬರತ್ತೆ ಅಂತ ಯಾರು ಅಂದ್ಕೊಂಡಿದ್ರು. ಹಾಂ, ಆ ನೂರರ ‘ಸದ’ ನಮ್ಮ ‘ಶತ’ದ ನೆಂಟನೇ. ಸಾವಿರಾರು ವರ್ಷದ ಹಿಂದೆ ಇವರ ಪೂರ್ವಜರು ಇಂಡೋ ಇರಾನಿಯನ್ ಮಾತಾಡೋರಿಂದ ಸಾಲ ತಗೊಂಡಿದ್ದು, ನಾವು ಸಂಸ್ಕೃತದಿಂದ ತಗೊಂಡ್ವಿ. ಒಂದೇ ಸಾಹುಕಾರನ ಹತ್ರ ಇಬ್ರೂ ಸಾಲ ಮಾಡಿದೀವಿ ಅನ್ಬೋದು.

ಉಚ್ಚಾರಣೆ ವಿಷ್ಯಕ್ಕೇ ಇನ್ನೊಂದು, ಅವ್ರ ‘ಟಿ’ ನಾಲಗೆ ಮಡಚಿ ಹೇಳೋ ‘ಟ’ ಅಲ್ಲ, ಹಲ್ಲಿನ ಹತ್ರದ ‘ತ’. ಎ ಏ ಬೇರೆ ಬೇರೆ ಅಕ್ಷರ ಇರೋದ್ರಿಂದ ‘ಏಸ್ತಿ’ ಅಂತ ಕನ್ನಡದಲ್ಲಿ ಸರಿಯಾಗಿ ಬರೀಬೋದು, ಹಿಂದೀಲಿ ಹ್ರಸ್ವ ಎ ಕಾರನೇ ಇಲ್ವಲ್ಲ. ಆದ್ರೆ ಇಂಗ್ಲಿಷಿಂದ ಬಂದ ಹೆಸ್ರು ‘ಎಸ್ಟೋನಿಯಾ’ ಅಂತ ರೂಢಿಯಾಗಿದೆ, ಅದನ್ನ ಕೆದಕಬೇಡಿ.

ಕಡಲ್_ತಡಿ

ಹಾಗಾದ್ರೆ ಫಿನ್ಲೆಂಡಿನವ್ರಿಗೆ ಇವರ ಮಾತು ಅರ್ಥ ಆಗ್ತದಾ?

ತಾರ್ತು_ಚಳಿ

ಅರ್ಧಂಬರ್ಧ. ಇಲ್ಲಿನ ರಾಜಧಾನಿ ತಾಲಿನ್‌ನಿಂದ ಹೆಲ್ಸಿಂಕಿಗೆ ಹಡಗಲ್ಲಿ ಎರಡು ಗಂಟೆ, ಸೋವಿಯತ್ ಕಾಲದಲ್ಲಿ ತಾಲಿನ್ ಜನ ಆಂಟೆನಾ ತಿರುಗಿಸಿ ಫಿನ್ನಿಶ್ ಟಿವಿ ನೋಡಿನೇ ಭಾಷೆ ಕಲ್ತ್ರು. ಆದ್ರೆ ನಂಬಿದ್ರೆ ಕೆಟ್ಟೆ. ‘ಹಲ್ಲಿತುಸ್’ ಅಂದ್ರೆ ಫಿನ್ನಿಶಲ್ಲಿ ಸರ್ಕಾರ, ಇಲ್ಲಿ ಬೂಸ್ಟು, ಹಳೇ ಬ್ರೆಡ್ಡಿನ ಮೇಲೆ ಬರತ್ತಲ್ಲ ಅದು.

ಹುಬ್ಳಿ_ಮಿರ್ಚಿ

ಎರಡೂ ಒಂದೇ ಬಿಡ್ರಿ 😂😂

ಹಳೇ_ಕಡತ

ತಡವಾಗಿ ಬಂದೆ. ಹೆಸರಿನ ಮೂಲ ಯಾರೂ ಹೇಳಿಲ್ಲವಾದ್ದರಿಂದ ಸ್ವಲ್ಪ.

‘ಎಸ್ಟೋನಿಯನ್’ ಹಿಂದಿರೋ ‘ಎಸ್ತ್’ ಅನ್ನೋದು ಆ ಜನ ತಾವೇ ಇಟ್ಕೊಂಡ ಹೆಸ್ರಲ್ಲ. ರೋಮಿನ ಇತಿಹಾಸಕಾರ ಟ್ಯಾಸಿಟಸ್ 98ನೇ ಇಸವಿಯಲ್ಲಿ ‘ಐಸ್ತಿ’ ಅನ್ನೋ ಜನ ಬಾಲ್ಟಿಕ್ ದಡದಲ್ಲಿ ಅಂಬರ್ (ಕಲ್ಲಾದ ಮರದ ಅಂಟು) ಆರಿಸ್ತಾರೆ ಅಂತ ಬರೆದ, ಅವ್ರು ಬಹುಶಃ ಇವರಲ್ಲ, ಇನ್ನೂ ದಕ್ಷಿಣದವ್ರು. ಹೆಸರು ಮಾತ್ರ ನಿಧಾನಕ್ಕೆ ಮೇಲೆ ಜಾರಿ ಇವರ ತಲೆ ಮೇಲೆ ಕೂತಿತು. ಪಕ್ಕದ ಮನೆಯವ್ರು ಇನ್ನೂ ಬೇರೆ. ಫಿನ್ನರು ‘ವಿರೊ’ ಅಂತಾರೆ, ತಮ್ಮ ಕಡೆ ಮುಖ ಮಾಡಿರೋ ವಿರುಮಾ ಪ್ರಾಂತ್ಯದ ಹೆಸ್ರಿಂದ. ಲಾಟ್ವಿಯಾದವ್ರು ‘ಇಗೌನಿಯಾ’ ಅಂತಾರೆ, ತಮ್ಮ ಗಡಿಗೆ ಹತ್ತಿದ ಹಳೇ ಉಗಾಂಡಿ ಪ್ರಾಂತ್ಯದಿಂದ. ಯಾರಿಗೆ ಯಾವ ಬಾಗಿಲು ಕಾಣ್ತೋ ಅದೇ ಇಡೀ ಮನೆ ಹೆಸ್ರು.

ಅವರು ತಮ್ಮನ್ನ ಕರ್ಕೊಂಡಿದ್ದು ‘ಮಾರಹ್ವಸ್’. ಮೇಲೆ ಹೇಳಿದ ‘ಮಾ’ನೇ, ನೆಲದ ಜನ, ಅಂದ್ರೆ ಹಳ್ಳಿಯವ್ರು. ಭಾಷೆ ‘ಮಾಕೇಲ್’. ಜಮೀನು ಅಧಿಕಾರ ಎಲ್ಲಾ ಜರ್ಮನ್ ಯಜಮಾನರ ಕೈಲಿತ್ತು. ಅವರ ಮಾತಲ್ಲಿ ‘ಸಕ್ಸ್’ ಅಂದ್ರೆ ಜರ್ಮನ್ನೂ ಹೌದು ಧಣಿನೂ ಹೌದು, ನಮ್ಮಲ್ಲಿ ಬಿಳಿ ಸಾಹೇಬನಿಗೆ ದೊರೆ ಅಂತಿದ್ರಲ್ಲ ಅದೇ ಧಾಟಿ. ಜೀತ ತೆಗೆದಿದ್ದು 1816 ಮತ್ತು 1819ರಲ್ಲಿ, ಉತ್ತರದಲ್ಲಿ ಮೊದಲು ದಕ್ಷಿಣದಲ್ಲಿ ಆಮೇಲೆ. 1857ರಲ್ಲಿ ಪ್ಯಾರ್ನು ಊರಿಂದ ಯಾನ್ಸೆನ್ ಅನ್ನೋರು ವಾರಪತ್ರಿಕೆ ಶುರು ಮಾಡಿ, ಓದುಗರನ್ನ ನೆಲದ ಜನರೇ ಅಂತ ಕರೆಯದೆ ‘ಏಸ್ತಿ ಜನರೇ’ ಅಂತ ಕರೆದ್ರು. ಆಮೇಲೆ ಅದೇ ನಿಂತಿತು. 1869ರಲ್ಲಿ ತಾರ್ತುನಲ್ಲಿ ಮೊದಲ ಹಾಡುಹಬ್ಬ ಮಾಡ್ಸಿದ್ದೂ ಅವ್ರೇ. ಹಾಗಾಗಿ 1850ಕ್ಕೆ ಮುಂಚಿನ ಕಥೆ ಅನುವಾದ ಮಾಡೋವಾಗ ರೈತನೊಬ್ಬನ ಬಾಯಲ್ಲಿ ‘ನಾನು ಎಸ್ಟೋನಿಯನ್’ ಅಂತ ಹಾಕಿದ್ರೆ ಸ್ವಲ್ಪ ಎಡವಟ್ಟು. ‘ನಾವು ಹಳ್ಳಿ ಮಕ್ಕಳು’ ಅನ್ನೋದೇ ಹತ್ತಿರ.

ಅರೆಕಾಲಿಕ_ಅನುವಾದಕ

ಅಯ್ಯೋ ಒಂದು ಪದ ಕೇಳಿದ್ದಕ್ಕೆ ಊಟನೇ ಹಾಕ್ಸಿದ್ರಿ, ಎಲ್ರಿಗೂ ಥ್ಯಾಂಕ್ಸ್. ಹುಬ್ಳಿಯವ್ರೇ, ‘ಎಸ್ಟೋನಿಯಾದ’ ಹಾಕಿ ನೋಡಿದೆ, ಲಿಸ್ಟಲ್ಲಿ ಅರ್ಧಕ್ಕೆ ನಿಂತ ವಾಕ್ಯದ ಥರ ಕಾಣತ್ತೆ, ಕ್ಷಮಿಸಿ.

‘ಎಸ್ಟೋನಿಯನ್ನಿಗೆ’, ‘ಎಸ್ಟೋನಿಯನ್ನನಿಗೆ’ ಉದಾಹರಣೆ ಬರ್ದು ಕಳ್ಸಿದೆ, ಒಪ್ಕೊಂಡ್ರು! ಭಾಷೆಗೆ ‘ಎಸ್ಟೋನಿಯನ್’, ರಾಷ್ಟ್ರೀಯತೆ ಖಾನೆಗೆ ‘ಎಸ್ಟೋನಿಯಾ’, ಎರಡು ಸ್ಟ್ರಿಂಗ್ ಮಾಡ್ಕೊಟ್ರು. ಜನರ ಬಗ್ಗೆ ಬರೋ ವಾಕ್ಯದಲ್ಲಿ ‘ಎಸ್ಟೋನಿಯಾದವರು’ ಹಾಕ್ತೀನಿ, ಗಂಡು ಹೆಣ್ಣು ರಗಳೆ ಇರಲ್ಲ.

ಆದ್ರೆ ಇವತ್ತು ಇನ್ನೊಂದು. ಭಾಷೆ ಲಿಸ್ಟಲ್ಲಿ ಪ್ರತಿ ಭಾಷೆ ಪಕ್ಕ ಬಾವುಟ ಇಟ್ಟಿದಾರೆ. ಎಸ್ಟೋನಿಯನ್ ಪಕ್ಕ ಇಥಿಯೋಪಿಯಾದ ಬಾವುಟ ಬರ್ತಿದೆ, ಯಾಕಂತ ಗೊತ್ತಾಗ್ತಿಲ್ಲ.

ವ್ಯಾಕರಣ_ಕಿರಿಕ್

ಅದು ಕೋಡ್ ಎಡವಟ್ಟು. ಪ್ರತಿ ಭಾಷೆಗೂ ದೇಶಕ್ಕೂ ಎರಡಕ್ಷರದ ಇಂಗ್ಲಿಷ್ ಕೋಡು ಇರತ್ತೆ. ಎಸ್ಟೋನಿಯನ್ ಭಾಷೆಯ ಕೋಡು ‘ಇಟಿ’, ದೇಶದ ಕೋಡು ‘ಇಇ’. ಭಾಷೆ ಕೋಡನ್ನೇ ದೇಶದ ಕೋಡು ಅಂದ್ಕೊಂಡು ಬಾವುಟ ಎಳೆದಿದಾರೆ, ‘ಇಟಿ’ ಇಥಿಯೋಪಿಯಾದ್ದು. ಉಲ್ಟಾ ಮಾಡಿದ್ರೂ ಉಳಿಗಾಲ ಇಲ್ಲ, ‘ಇಇ’ ಅನ್ನೋ ಭಾಷೆ ಕೋಡು ಘಾನಾ ಟೋಗೋ ಕಡೆಯ ಎವೆ ಭಾಷೆಯದು. ಹಾಗೇ ಕನ್ನಡದ ಪಕ್ಕ ಏನು ಬಂದಿದೆ ನೋಡಿ, ನಮ್ದು ‘ಕೆಎನ್’.

ಅರೆಕಾಲಿಕ_ಅನುವಾದಕ

ನೋಡ್ದೆ. ಹಸಿರು ಕೆಂಪು, ಮಧ್ಯ ಓರೆಯಾಗಿ ಕಪ್ಪು ಪಟ್ಟಿ, ಅದ್ರಲ್ಲಿ ಎರಡು ಬಿಳಿ ನಕ್ಷತ್ರ. ಇದು ಯಾವ್ದು ಗುರೂ??

ವ್ಯಾಕರಣ_ಕಿರಿಕ್

ಸೇಂಟ್ ಕಿಟ್ಸ್ ಮತ್ತು ನೆವಿಸ್. ಕೆರಿಬಿಯನ್ ದ್ವೀಪ. ಮೊದ್ಲು ಅದನ್ನ ತೆಗ್ಸಿ, ಆಮೇಲೆ ಎಸ್ಟೋನಿಯಾ ನೋಡೋಣ.